ವಿಕಿಪೀಡಿಯ: ಒಂದು ಎತ್ವದಿಂದ ಶುರು

ಸಂಪಾದಕರೇ,

ಕನ್ನಡ ವಿಕಿಪೀಡಿಯ 2003ರಿಂದ ಇದೆ, ಆದರೂ ಅದರಲ್ಲಿ ಯಾರು ಬೇಕಾದರೂ ಬರೆಯಬಹುದು ಅಂದರೆ ಜನ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ನಮ್ಮೂರಿನ ಪುಟದಲ್ಲಿ ‘ಕೆರೆ’ ಹೋಗಿ ‘ಕರೆ’ ಆಗಿತ್ತು. ‘ಸಂಪಾದಿಸಿ’ ಒತ್ತಿ ಒಂದು ಎತ್ವ ಕೊಟ್ಟೆ, ಅಷ್ಟೇ. ಅದೇ ಧೈರ್ಯದಲ್ಲಿ ಮಾರನೇ ದಿನ ಜಾತ್ರೆ ಬಗ್ಗೆ ಎರಡು ಪ್ಯಾರಾ ಬರೆದೆ, ಸಂಜೆಯೊಳಗೆ ಯಾರೋ ತೆಗೆದುಹಾಕಿದ್ದರು. ಸಿಟ್ಟು ಬಂತು. ಪುಟದ ಇತಿಹಾಸ ತೆರೆದರೆ ಕಾರಣ ಬರೆದಿದ್ದರು: ಆಧಾರ ಇಲ್ಲ. ಅಜ್ಜಿ ಹೇಳಿದ್ದು ಅಲ್ಲಿ ನಡೆಯಲ್ಲ, ಪುಸ್ತಕ, ಪತ್ರಿಕೆಯಂಥ ಪ್ರಕಟವಾದ ಆಧಾರ ಬೇಕು. ನಿಮ್ಮದೇ ಹಳೇ ವರದಿಯೊಂದನ್ನು ಕೊಟ್ಟೆ, ಈಗ ಉಳಿದಿದೆ.

ಹೊಸಬರು ಮೊದಲು ‘ಪ್ರಯೋಗಪುಟ’ದಲ್ಲಿ ಬರೆದು ನೋಡಲಿ, ಅಲ್ಲಿ ಎಷ್ಟು ತಪ್ಪಾದರೂ ಯಾರೂ ಬೈಯಲ್ಲ. ಮತ್ತೆ, ನೀವೇ ತೆಗೆದ ಊರ ಗುಡಿಯ ಫೋಟೊ ಇದ್ದರೆ ವಿಕಿಪೀಡಿಯದ ಫೋಟೊ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ. ಸುಮ್ನೆ ಮೊಬೈಲಲ್ಲಿ ಕೊಳೆಯುವುದಕ್ಕಿಂತ ವಾಸಿ, ಅಲ್ವಾ?

– ಒಬ್ಬ ಓದುಗ, ತಿಪಟೂರು