ಕಾರವಾರದ ಕಡಲು ಮತ್ತು ‘ಕಡಲ್ಗಳ್ಳ’ ಎಂಬ ಪದ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾರವಾರದ ಕಡಲತಡಿಯಲ್ಲಿ ನಿವೃತ್ತ ಯುದ್ಧನೌಕೆ ‘ಚಪಲ್’ ಅನ್ನು ನೋಡಲು ಬರುವವರಿಗೆ, ಇದೇ ಕಡಲಿನಲ್ಲಿ ಮುನ್ನೂರು ವರ್ಷಗಳ ಹಿಂದೆ ವ್ಯಾಪಾರಿ ಹಡಗುಗಳನ್ನು ಯಾರು ಕಾಯಬೇಕೆಂಬ ವಾಗ್ವಾದ ನಡೆದಿದ್ದನ್ನೂ ತಿಳಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

1695ರಲ್ಲಿ ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಎವರಿ, ಸೂರತ್ತಿನ ವರ್ತಕ ಅಬ್ದುಲ್ ಗಫೂರನ ಹಡಗನ್ನೂ ಮೆಕ್ಕಾ ಯಾತ್ರಿಕರನ್ನು ಹೊತ್ತು ಮರಳುತ್ತಿದ್ದ ಔರಂಗಜೇಬನ ‘ಗಂಜ್-ಇ-ಸವಾಯಿ’ಯನ್ನೂ ಲೂಟಿ ಮಾಡಿದ. ಸೂರತ್ತಿನ ಮೊಘಲ್ ಅಧಿಕಾರಿಗಳು ಈಸ್ಟ್ ಇಂಡಿಯಾ ಕಂಪನಿಯ ಜನರನ್ನು ಅವರ ಕೋಠಿಯಲ್ಲೇ (ವ್ಯಾಪಾರ ಮಳಿಗೆಯಲ್ಲೇ) ಬಂಧಿಸಿಟ್ಟರು. ಕಳ್ಳರು ಇಂಗ್ಲಿಷರಾದ್ದರಿಂದ ನಷ್ಟವನ್ನು ಇಂಗ್ಲಿಷರೇ ತುಂಬಿಕೊಡಬೇಕೆಂಬುದು ದರ್ಬಾರಿನ ವಾದ. ಕಳ್ಳರ ಕೃತ್ಯಕ್ಕೆ ವ್ಯಾಪಾರಿಗಳು ಹೊಣೆಯಲ್ಲವೆಂಬುದು ಕಂಪನಿಯ ವಾದ. ಕೊನೆಗೆ ಯಾತ್ರಿಕರ ಹಡಗುಗಳಿಗೆ ಬೆಂಗಾವಲು ಒದಗಿಸಲು ಕಂಪನಿ ಒಪ್ಪಿತು.

ಕಾರವಾರ ಈ ಕಥೆಯೊಳಗೆ ಬರುವುದು 1697ರಲ್ಲಿ. ಕಡಲ್ಗಳ್ಳರನ್ನು ಹಿಡಿಯಲು ಇಂಗ್ಲೆಂಡಿನ ದೊರೆಯಿಂದಲೇ ಸನ್ನದು ಪಡೆದಿದ್ದ ವಿಲಿಯಂ ಕಿಡ್ ನೀರು, ಸೌದೆ ತುಂಬಿಸಿಕೊಳ್ಳಲು ಇಲ್ಲಿ ಲಂಗರು ಹಾಕಿದಾಗ, ಅವನ ಹಡಗಿನಿಂದ ತಪ್ಪಿಸಿಕೊಂಡ ಇಬ್ಬರು, ಅವನೇ ಕಡಲ್ಗಳ್ಳತನಕ್ಕಿಳಿಯುವ ಉದ್ದೇಶದಲ್ಲಿದ್ದಾನೆಂದು ಕಂಪನಿಯವರಿಗೆ ತಿಳಿಸಿದರು. ಮರುವರ್ಷ ಅವನು ಆರ್ಮೇನಿಯನ್ ವರ್ತಕರ ‘ಕ್ವೆಡಾ ಮರ್ಚೆಂಟ್’ ಹಡಗನ್ನು ವಶಪಡಿಸಿಕೊಂಡ; ಅದರ ಬಳಿ ಫ್ರೆಂಚ್ ರಹದಾರಿ (ಸಂಚಾರದ ಪರವಾನಗಿ ಪತ್ರ) ಇದ್ದುದರಿಂದ ಅದು ಇಂಗ್ಲೆಂಡಿನ ಶತ್ರುವಾದ ಫ್ರಾನ್ಸಿನ ಕಡೆಯ ಹಡಗೆಂದು ವಾದಿಸಿದ. ವಿಚಾರಣೆಯ ವೇಳೆ ಆ ರಹದಾರಿಗಳೇ ಸಿಗಲಿಲ್ಲ. 1701ರಲ್ಲಿ ಅವನನ್ನು ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಕಾಗದಗಳು ದಾಖಲೆಗಳ ನಡುವೆ ಪತ್ತೆಯಾದದ್ದು ಎರಡು ಶತಮಾನಗಳ ಬಳಿಕ.

‘ಕ್ವೆಡಾ ಮರ್ಚೆಂಟ್’ ಲೂಟಿಯ ನಂತರ, ಅಂದರೆ 1699ರ ವೇಳೆಗೆ, ಔರಂಗಜೇಬನ ಒತ್ತಡಕ್ಕೆ ಮಣಿದು ಇಂಗ್ಲಿಷ್, ಡಚ್ ಮತ್ತು ಫ್ರೆಂಚ್ ಕಂಪನಿಗಳು ಕಡಲ ಕಾವಲನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಮುಚ್ಚಳಿಕೆ ಬರೆದುಕೊಟ್ಟವು. ದಂಡವೆಂದು ಹೊರಿಸಿದ ಹೊಣೆ ಮುಂದೆ ಕಂಪನಿಗಳಿಗೆ ಹಕ್ಕಾಗಿ ಪರಿಣಮಿಸಿತೆಂಬುದು ನನ್ನ ಅಭಿಪ್ರಾಯ. ನಮ್ಮ ಫಲಕಗಳು ಹೇಳಬೇಕಾದುದು ಇದನ್ನೇ.

ಹಾಗೆ ನೋಡಿದರೆ ರಹದಾರಿಯ ಪದ್ಧತಿ ಇಂಗ್ಲಿಷರು ತಂದದ್ದಲ್ಲ. ಪೋರ್ಚುಗೀಸರು ತಮ್ಮ ‘ಕಾರ್ತಾಜ್’ ಇಲ್ಲದ ಹಡಗುಗಳನ್ನು ಹದಿನಾರನೆಯ ಶತಮಾನದಲ್ಲೇ ಹಿಡಿಯುತ್ತಿದ್ದರು, ಮತ್ತು ಅದನ್ನು ಆಡಳಿತವೆಂದು ಕರೆದುಕೊಂಡರು. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ಅಂಥದೇ ರಹದಾರಿ ಕೊಡತೊಡಗಿದಾಗ ಮಾತ್ರ ಕಂಪನಿಯ ಕಾಗದಗಳಲ್ಲಿ ಅವನು ಕಡಲ್ಗಳ್ಳನಾದ. (ನಮ್ಮಲ್ಲಿ ಇಂದಿಗೂ ಕೆಲವರು ಆ ಪದವನ್ನು ಪ್ರಶ್ನಿಸದೆ ಬಳಸುತ್ತಾರೆ.)

ಆದ್ದರಿಂದ ಕಿಡ್‌ನ ಸಾಹಸಕಥೆಯೊಂದನ್ನೇ ಪ್ರವಾಸಿಗರ ಮುಂದಿಡುವ ಬದಲು ಈ ವಾದ-ಪ್ರತಿವಾದವನ್ನು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ವಿವರಿಸುವ ಒಂದು ವಿಭಾಗವನ್ನು ‘ಚಪಲ್’ ನೌಕೆ ಇರುವಲ್ಲಿ ತೆರೆಯಬೇಕು. ಕಂಪನಿಯ ಕೋಠಿಗಳ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಕಾರವಾರದ ಪ್ರಸ್ತಾಪವಿರುವ ಪತ್ರಗಳ ಪ್ರತಿಗಳನ್ನು ತರಿಸಿ, ಪರ್ಷಿಯನ್ ಮತ್ತು ಮರಾಠಿ ಬಲ್ಲ ವಿದ್ವಾಂಸರನ್ನೂ ಜೊತೆಗಿರಿಸಿಕೊಂಡು ಫಲಕದ ಪಠ್ಯವನ್ನು ಸಿದ್ಧಪಡಿಸಲು ತಮ್ಮ ಇಲಾಖೆಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಾಗರಿಕ