ರಾಯಚೂರಿನ ಲಾಡ್ಜುಗಳಲ್ಲಿ ಹೆಣ್ಣುಮಕ್ಕಳಿಗೂ ರೂಮು ಕೊಡಿಸಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ರಾಯಚೂರು ಜಿಲ್ಲೆ.

ಸಾಹೇಬರೇ, ನಮಸ್ಕಾರ.

ನಾನು ಮುದಗಲ್ಲಿನವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಯಜಮಾನರು ತೀರಿಕೊಂಡಿದ್ದಾರೆ. ಅವ್ವ, ಮಗಳು, ನಾನು, ಮೂವರೇ ಇರುವ ಮನೆ. ನಿಮಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಇನ್ನು ಸುಮ್ಮನಿರಲು ಆಗುತ್ತಿಲ್ಲ. ನಾನು ಕೇಳುವುದು ಒಂದೇ. ಗುರುತಿನ ಚೀಟಿ ತೋರಿಸಿದ ಹೆಣ್ಣುಮಗಳಿಗೆ ರೂಮು ಇಲ್ಲ ಅನ್ನಬಾರದು ಅಂತ ರಾಯಚೂರಿನ ಎಲ್ಲ ಲಾಡ್ಜುಗಳಿಗೆ ಒಂದು ಆದೇಶ ಹೊರಡಿಸಿ.

ಜಿಲ್ಲೆಯ ನಕ್ಷೆ ನಿಮ್ಮ ಕಣ್ಣೆದುರೇ ಇರುತ್ತದೆ. ರಾಯಚೂರು ಇರುವುದು ಪೂರ್ವದ ಅಂಚಿನಲ್ಲಿ. ನಾವಿರುವುದು ಪಶ್ಚಿಮದ ತುದಿಯಲ್ಲಿ. ನಡುವೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಲಿಂಗಸುಗೂರು, ಕವಿತಾಳ, ಸಿರವಾರ ದಾಟಿ ಬಸ್ಸು ರಾಯಚೂರು ಮುಟ್ಟುವಷ್ಟರಲ್ಲಿ ಮೈಯೆಲ್ಲ ನುಗ್ಗಾಗಿರುತ್ತದೆ. ದೊಡ್ಡಾಸ್ಪತ್ರೆ ಅಲ್ಲೇ, ಜಿಲ್ಲಾ ಕೋರ್ಟು ಅಲ್ಲೇ, ಮಕ್ಕಳ ಪರೀಕ್ಷಾ ಕೇಂದ್ರವೂ ಅಲ್ಲೇ. ಬೆಳಿಗ್ಗೆ ಓಪಿಡಿ ಚೀಟಿಗೆ ಪಾಳಿ ಹಚ್ಚಬೇಕು ಅಂದರೆ ಹಿಂದಿನ ದಿನವೇ ಬಂದು ಉಳಿಯಬೇಕು. ಅವ್ವನ ಕಣ್ಣಿನ ತೊಂದರೆಗೆ ನಾನು ಹಾಗೆ ಓಡಾಡಿದ್ದೇನೆ. ಒಮ್ಮೆ ಒಬ್ಬರು ದೂರದ ಸಂಬಂಧಿಕರ ಮನೆ, ಇನ್ನೊಮ್ಮೆ ಆಸ್ಪತ್ರೆಯ ವರಾಂಡಾ. ಲಾಡ್ಜಿನಲ್ಲಿ ದುಡ್ಡು ಕೊಟ್ಟು ಉಳಿಯುತ್ತೇನೆ ಅಂದರೂ ಉಳಿಯಲು ಬಿಡುವುದಿಲ್ಲ.

ಗಂಡಸರು ಲಾಡ್ಜು ಆರಿಸುವಾಗ ರೇಟು ನೋಡುತ್ತಾರೆ, ಬಿಸಿನೀರು ಬರುತ್ತದಾ ಅಂತ ಕೇಳುತ್ತಾರೆ. ನಾವು ನೋಡುವುದೇ ಬೇರೆ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇದೆಯಾ? ಆ ಬೀದಿಯಲ್ಲಿ ರಾತ್ರಿ ದೀಪ ಇರುತ್ತದಾ? ಕೆಳಗಡೆ ಬಾರ್ ಇದೆಯಾ? ರೂಮಿನ ಒಳಚಿಲಕ ಗಟ್ಟಿ ಇದೆಯಾ, ಕಿಟಕಿ ಸರಿಯಾಗಿ ಮುಚ್ಚುತ್ತದಾ? ಇಷ್ಟೆಲ್ಲ ವಿಚಾರಿಸಿ ಒಂದು ಜಾಗ ಹುಡುಕಿಕೊಂಡು ಹೋದರೆ ಕೌಂಟರಿನಲ್ಲಿ ಕೂತವನು ಮೊದಲು ಕೇಳುವುದು, ಸಂಗಟ ಗಂಡಸರು ಯಾರಿದ್ದಾರೆ ಅಂತ.

ಹೋದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಗಳಿಗೆ ಒಂದು ಸರ್ಕಾರಿ ನೇಮಕಾತಿ ಪರೀಕ್ಷೆ ಇತ್ತು. ಬೆಳಿಗ್ಗೆಯೇ ಕೇಂದ್ರದಲ್ಲಿ ಇರಬೇಕಿತ್ತು. ಅವಳೇ ಮೊಬೈಲಿನ ಆಪ್‌ನಲ್ಲಿ ನೋಡಿ ಒಂದು ಲಾಡ್ಜು ಬುಕ್ ಮಾಡಿದ್ದಳು. ದುಡ್ಡೂ ಕಟ್ಟಿಯಾಗಿತ್ತು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ನಾವು ಊರು ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ಮ್ಯಾನೇಜರು ನಮ್ಮ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೌಂಟರಿನ ಗಾಜಿನ ಮೇಲೆ ಒಂದು ಬೆರಳಿನಿಂದ ನಮ್ಮ ಕಡೆ ತಳ್ಳಿದ.

"ಲೋಕಲ್ ಆಧಾರ್ ನಡೆಯಂಗಿಲ್ರೀ ಅಮ್ಮಾರ."

"ನಾವು ಮುದಗಲ್ಲಿನವರಪ್ಪ, ಇಲ್ಲಿಯವರಲ್ಲ."

"ಜಿಲ್ಲಾ ರಾಯಚೂರ ಅಂತ ಐತಲ್ರೀ. ಸಂಗಟ ಗಂಡಸ್ರು ಯಾರರ ಅದಾರೇನು?"

ಇಲ್ಲ ಅಂದೆ. "ಹೆಣ್ಮಕ್ಕಳಷ್ಟ ಇದ್ರ ಕೊಡಂಗಿಲ್ರೀ, ಪೊಲೀಸ್ನೋರು ಬಂದು ಕೇಳ್ತಾರ" ಅಂದ. ಅವನ ಬೆನ್ನ ಹಿಂದೆ ಹಲಗೆಯ ಮೇಲೆ ಸಾಲಾಗಿ ಬೀಗದ ಕೈಗಳು ನೇತಾಡುತ್ತಿದ್ದವು. ನಂಬರು ಬರೆದ ಬಿಲ್ಲೆಗಳು ಕಾಣುತ್ತಿದ್ದವು. ಮಗಳು ಹಾಲ್ ಟಿಕೆಟ್ ತೆಗೆದು ಮುಂದೆ ಹಿಡಿದಳು. ಅವನು ಅದನ್ನು ನೋಡಲೂ ಇಲ್ಲ. "ಪರೀಕ್ಷಾ ಅಂತ ಹೇಳಿ ಬಹಳ ಮಂದಿ ಬರ್ತಾರ್ರೀ" ಅಂದ. ಇಪ್ಪತ್ತೆರಡು ವರ್ಷದ ಹುಡುಗಿ, ಪಕ್ಕದಲ್ಲಿ ಹೆತ್ತ ತಾಯಿ. ಆ ಮಾತಿಗೆ ಏನು ಅರ್ಥ, ಸಾಹೇಬರೇ? ಮಗಳು ತಲೆ ತಗ್ಗಿಸಿ ಹಾಲ್ ಟಿಕೆಟನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡಳು. ನನಗೆ ಇವತ್ತಿಗೂ ಆ ಸಿಟ್ಟು ಇಳಿದಿಲ್ಲ.

ಎರಡನೇ ಲಾಡ್ಜಿನವನು ಮಾತು ಮೆತ್ತಗೆ ಆಡಿದ. ಆದರೆ ಅಣ್ಣನಿಗೋ ತಮ್ಮನಿಗೋ ಫೋನ್ ಹಚ್ಚಿಕೊಡಿ, ಅವರು ಹೂಂ ಅಂದರೆ ರೂಮು ಕೊಡುತ್ತೇನೆ ಅಂದ. ನನಗೆ ಐವತ್ತರ ಹತ್ತಿರ ವಯಸ್ಸು. ದುಡಿಯುವವಳು ನಾನು, ದುಡ್ಡು ನನ್ನದು, ಚೀಟಿಯಲ್ಲಿರುವ ಹೆಸರು ನನ್ನದು. ಒಂದು ರಾತ್ರಿ ಮಲಗಲು ತಮ್ಮನ ಅಪ್ಪಣೆ ಬೇಕಾ? ಹಾಗೂ ಫೋನ್ ಹಚ್ಚಿದೆ, ಮಗಳ ಪರೀಕ್ಷೆ ನೆನೆದು. ಅವನ ಫೋನು ಸ್ವಿಚ್ ಆಫ್ ಆಗಿತ್ತು. ಮೂರನೆಯ ಕಡೆ ರೂಮು ಕೊಡಲು ಒಪ್ಪಿದರು, ಆದರೆ ಕೇಳಿದ ಬಾಡಿಗೆ ನನ್ನ ಕೈಯಲ್ಲಿದ್ದ ಅಷ್ಟೂ ದುಡ್ಡಿಗಿಂತ ಜಾಸ್ತಿ ಇತ್ತು. ಗೋಡೆಯ ಮೇಲೆ ದರದ ಪಟ್ಟಿಯೂ ಇರಲಿಲ್ಲ. ನಮ್ಮನ್ನು ಸುತ್ತಾಡಿಸುತ್ತಿದ್ದ ಆಟೋದವನು ಒಂದೊಂದು ಬಾಗಿಲಿಗೂ ಬಾಡಿಗೆ ಏರಿಸುತ್ತಾ ಹೋದ. ಕೊನೆಗೆ ರೈಲ್ವೆ ಸ್ಟೇಷನ್ನಿಗೆ ಬಿಡು ಅಂದೆ.

ಪ್ಲಾಟ್‌ಫಾರ್ಮ್ ಟಿಕೆಟ್ ನಡೆಯುವುದು ಎರಡು ತಾಸು ಮಾತ್ರ. ಅದು ಮುಗಿದಂತೆಲ್ಲ ಎದ್ದು ಹೋಗಿ ಮತ್ತೊಂದು ತಂದೆ. ಮಗಳು ಚಾದರ ಹಾಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಒಂದೊಂದು ರೈಲು ಬಂದಾಗಲೂ ಬೆಚ್ಚಿ ಬ್ಯಾಗು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಅಲ್ಲಿದ್ದ ಒಬ್ಬ ಮಹಿಳಾ ಪೇದೆ ಆಗಾಗ ಬಂದು ಮಾತಾಡಿಸಿ ಹೋದರು. ಆ ತಾಯಿಗೆ ಪುಣ್ಯ ಬರಲಿ. ಬೆಳಿಗ್ಗೆ ಅಲ್ಲೇ ಮುಖ ತೊಳೆದು ಪರೀಕ್ಷೆಗೆ ಹೋದಳು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಆಪ್‌ನವರ ಹತ್ತಿರ ದುಡ್ಡು ವಾಪಸ್ ಕೇಳಿದರೆ ಇನ್ನೊಂದು ಪೆಟ್ಟು. ಬುಕ್ ಮಾಡಿದವರು ಬರಲೇ ಇಲ್ಲ ಅಂತ ಲಾಡ್ಜಿನವರು ಬರೆದು ಕಳಿಸಿದ್ದರು.

ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಭಾಗದಲ್ಲಿ ಹೋಟೆಲ್ ಅನ್ನುವ ಪದವನ್ನೇ ಬರೆದಿದ್ದಾರೆ. ಅಂಗಡಿಗೆ, ಹೋಟೆಲಿಗೆ ಹೋಗಲು ಜಾತಿ, ಧರ್ಮದ ಕಾರಣಕ್ಕೆ ತಡೆಯಬಾರದು ಅಂದಿರುವ ಜಾಗದಲ್ಲೇ ಹೆಣ್ಣು ಅನ್ನುವ ಕಾರಣಕ್ಕೂ ತಡೆಯಬಾರದು ಅಂದಿದ್ದಾರೆ. ಇದನ್ನು ಮಗಳು ಪರೀಕ್ಷೆಗೆ ಓದುವಾಗ ನನಗೂ ಓದಿ ಹೇಳಿದ್ದಳು. ಮದುವೆಯಾಗದ ಗಂಡು ಹೆಣ್ಣು ಒಂದೇ ರೂಮಿನಲ್ಲಿ ಉಳಿಯುವುದನ್ನೂ ಯಾವ ಕಾನೂನೂ ತಡೆಯುವುದಿಲ್ಲ ಅಂತ ಮದ್ರಾಸ್ ಹೈಕೋರ್ಟ್ 2019ರಲ್ಲೇ ಹೇಳಿದೆ. ಹಾಗಿದ್ದ ಮೇಲೆ ತಾಯಿ ಮಗಳಿಗೆ ರೂಮು ಕೊಡದೆ ಹೊರಗೆ ಹಾಕುವುದು ಯಾವ ಲೆಕ್ಕ?

ಲಾಡ್ಜಿನವರು ಪೊಲೀಸರ ಹೆಸರು ಹೇಳುತ್ತಾರೆ. ಅಂಥ ಆದೇಶ ಏನಾದರೂ ಇದ್ದರೆ ತೋರಿಸಿ, ನಾವೂ ಓದುತ್ತೇವೆ. ಇಲ್ಲದಿದ್ದರೆ ಇಲ್ಲ ಅಂತ ಅವರಿಗೆ ಬರವಣಿಗೆಯಲ್ಲಿ ತಿಳಿಸಿ. ಆಧಾರ್ ಜೆರಾಕ್ಸ್ ತೆಗೆದುಕೊಳ್ಳಲಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಲಿ, ಬಂದ ಕೆಲಸ ಬರೆಸಿಕೊಳ್ಳಲಿ. ಯಾವುದಕ್ಕೂ ನಮ್ಮ ತಕರಾರಿಲ್ಲ. ಜಿಲ್ಲೆಯ ಹೆಸರು ಒಂದೇ ಅಂತ ಲೋಕಲ್ ಅನ್ನುವುದನ್ನು ಮಾತ್ರ ನಿಲ್ಲಿಸಿ. ನೂರು ಕಿಲೋಮೀಟರ್ ದೂರದಿಂದ ಬಂದವರು ರಾತ್ರಿ ಹತ್ತಕ್ಕೆ ಮನೆಗೆ ಹೇಗೆ ವಾಪಸ್ ಹೋಗುತ್ತಾರೆ?

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಟಿಕೆಟಿನ ದುಡ್ಡಿಲ್ಲ ಅಂತ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ನರಳುತ್ತಿದ್ದ ನಮ್ಮ ಓಣಿಯ ಹೆಂಗಸರು ಈಗ ಧೈರ್ಯವಾಗಿ ರಾಯಚೂರು ಬಸ್ಸು ಹತ್ತುತ್ತಾರೆ. ಸರ್ಕಾರಕ್ಕೆ ಇದಕ್ಕಾಗಿ ಮನಸ್ಸಿನಿಂದ ಕೈಮುಗಿಯುತ್ತೇನೆ. ಆದರೆ ಬಸ್ಸು ಇಳಿದ ಮೇಲೆ? ಏಮ್ಸ್ ಬೇಕು ಅಂತ ಇದೇ ಊರಿನಲ್ಲಿ 2022ರಲ್ಲಿ ಧರಣಿ ಶುರುವಾಗಿ ವರ್ಷಗಟ್ಟಲೆ ನಡೆಯಿತು. ದೊಡ್ಡ ಆಸ್ಪತ್ರೆ ಬರಲಿ, ಬರಲೇಬೇಕು. ರೋಗಿಯ ಸಂಗಟ ಬರುವವರು ಹೆಚ್ಚಿನವರು ಹೆಂಗಸರೇ ಅಲ್ವಾ? ಅವರು ರಾತ್ರಿ ಎಲ್ಲಿ ಮಲಗಬೇಕು?

ಆಟೋದ ಮಾತನ್ನೂ ಹೇಳಿಬಿಡುತ್ತೇನೆ. ಹಗಲು ಹೊತ್ತು ತೊಂದರೆ ಇಲ್ಲ. ತೀನ್ ಕಂದೀಲ್ ಕಡೆಗೆ, ಬಸ್ ಸ್ಟ್ಯಾಂಡ್ ಕಡೆಗೆ ಸೀಟಿನ ಲೆಕ್ಕದಲ್ಲಿ ಎಲ್ಲರ ಜೊತೆ ಹೋಗಬಹುದು. ರಾತ್ರಿಯಾದರೆ ಬಾಯಿಗೆ ಬಂದದ್ದೇ ರೇಟು. ಮಂತ್ರಾಲಯಕ್ಕೆ ಹೋಗುವವರು ಸ್ಟೇಷನ್ನಿನಲ್ಲಿ ಇಳಿದು ದಿಕ್ಕು ತೋಚದೆ ನಿಂತದ್ದನ್ನು ಆ ರಾತ್ರಿಯೂ ನೋಡಿದೆ. ಆಟೋ ದರ ಗೊತ್ತುಮಾಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಸ್ಟೇಷನ್ನಿನ ಮುಂದೆ ಮತ್ತು ಬಸ್ ಸ್ಟ್ಯಾಂಡಿನಲ್ಲಿ ದರದ ಬೋರ್ಡು ಹಾಕಿಸಿ. ರಾತ್ರಿ ಬೆಳಗಿನವರೆಗೆ ಪ್ರೀಪೇಯ್ಡ್ ಕೌಂಟರ್ ನಡೆಯುವಂತೆ ಮಾಡಿ. ಆಟೋದವರಿಗೂ ಹೊಟ್ಟೆಪಾಡಿದೆ, ನ್ಯಾಯವಾದ ಬಾಡಿಗೆ ಕೊಡಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ.

ಮತ್ತೆ ನನ್ನ ಮೊದಲ ಮಾತಿಗೇ ಬರುತ್ತೇನೆ. ಆದೇಶ ಹೊರಡಿಸಿ, ಸಾಹೇಬರೇ. ಒಂಟಿಯಾಗಿ ಬಂದ ಹೆಣ್ಣುಮಗಳಿರಲಿ, ತಾಯಿ ಮಗಳಿರಲಿ, ನಾಲ್ಕು ಜನ ಗೆಳತಿಯರಿರಲಿ, ಗುರುತಿನ ಚೀಟಿ ಇದ್ದರೆ ರೂಮು ಕೊಡಬೇಕು. ಗಂಡಸರ ಹೆಸರು, ಫೋನ್ ನಂಬರು ಕೇಳಬಾರದು. ಆ ಆದೇಶ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ದರದ ಪಟ್ಟಿಯ ಜೊತೆಗೆ ಪ್ರತಿ ಕೌಂಟರಿನಲ್ಲೂ ಕಾಣಬೇಕು. ಕೊಡದಿದ್ದರೆ ಆ ಹೊತ್ತಿನಲ್ಲೇ ಫೋನ್ ಮಾಡಲು ಒಂದು ನಂಬರು ಅದರ ಕೆಳಗಿರಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಹೆಂಗಸರಿಗಾಗಿ ಕಡಿಮೆ ಬಾಡಿಗೆಯ ಒಂದು ಡಾರ್ಮಿಟರಿ ಮಾಡಿಸಿದರೆ ಇನ್ನೂ ಒಳ್ಳೆಯದು. ಅದಕ್ಕೆ ಅನುದಾನ ಬೇಕು, ಸಮಯ ಹಿಡಿಯುತ್ತದೆ, ನನಗೆ ಅರ್ಥವಾಗುತ್ತದೆ. ಆದೇಶಕ್ಕೆ ಒಂದು ಹಾಳೆ, ನಿಮ್ಮದೊಂದು ಸಹಿ ಸಾಕು.

ಮಗಳು ಮತ್ತೆ ಅರ್ಜಿ ಹಾಕಿದ್ದಾಳೆ. ಕೇಂದ್ರ ರಾಯಚೂರೇ ಬರುತ್ತದೆ. ನಮ್ಮ ತಾಲ್ಲೂಕಿನಿಂದ ಅವಳಂಥ ಎಷ್ಟೋ ಹುಡುಗಿಯರು ಬರುತ್ತಾರೆ. ಹಾಲ್ ಟಿಕೆಟ್ ಬರುವುದರೊಳಗೆ ದಯವಿಟ್ಟು ಈ ಆದೇಶ ಹೊರಡಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುದಗಲ್ಲಿನ ಒಬ್ಬ ತಾಯಿ