ಪೋಸ್ಟರ್‌ಗೆ ಬಣ್ಣ ತುಂಬಲು ಮಾತ್ರ ಕಲಾವಿದರನ್ನು ಕರೆಯಬೇಡಿ

ಮಾನ್ಯ ಸಂಪಾದಕರೇ,

ಪರಿಸರದ ವಿಷಯದಲ್ಲಿ ಕಲಾವಿದರೂ ವಿಜ್ಞಾನಿಗಳೂ ಕೈಜೋಡಿಸಬೇಕು ಅನ್ನುವ ಮಾತು ಈಗ ಎಲ್ಲಾ ಕಡೆ ಕೇಳಿಬರುತ್ತಿದೆ. ಕೇಳಿ ಖುಷಿಯಾಗುತ್ತದೆ. ಆದರೆ ಯಾವಾಗ ಕೈಜೋಡಿಸಬೇಕು ಅನ್ನುವುದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದಕ್ಕೇ ಈ ಪತ್ರ.

ಸಸ್ಯವಿಜ್ಞಾನಿಗಳ ಪ್ರಬಂಧಗಳಿಗೆ, ಕೈಪಿಡಿಗಳಿಗೆ ಎಲೆ, ಹೂವು, ಬೀಜಗಳ ಚಿತ್ರ ಬರೆದುಕೊಡುವುದು ನನ್ನ ಕೆಲಸ. ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಸಂಶೋಧನೆ ಮುಗಿದಿದೆ, ವರದಿ ರೆಡಿ ಇದೆ. ಜನರಿಗೆ ಮುಟ್ಟುವ ಹಾಗೆ ಒಂದೆರಡು ಚಿತ್ರ ಬೇಕಿತ್ತು." ಅಂದರೆ ನೋಡುವುದು, ಕೇಳುವುದು, ಯೋಚಿಸುವುದು ಎಲ್ಲ ಆಗಿಹೋಗಿದೆ. ಅಲಂಕಾರ ಒಂದು ಬಾಕಿ.

ಒಂದು ಸಲ ಮಾತ್ರ ಬೇರೆ ಥರ ನಡೆಯಿತು. ಓಜೋನ್‌ನಿಂದ ಎಲೆಗಳಿಗೆ ಆಗುವ ಹಾನಿಯನ್ನು ಗುರುತಿಸಲು ಒಂದು ಕೈಪಿಡಿ ಮಾಡಬೇಕಿತ್ತು. ಮೇಲಿನ ಓಜೋನ್ ಪದರ ನಮ್ಮನ್ನು ಕಾಪಾಡುತ್ತದೆ, ನಿಜ. ಆದರೆ ವಾಹನಗಳ, ಕಾರ್ಖಾನೆಗಳ ಹೊಗೆಗೆ ಬಿಸಿಲು ತಾಗಿ ನೆಲದ ಹತ್ತಿರ ಹುಟ್ಟುವ ಓಜೋನ್ ಗಿಡಗಳಿಗೆ ವಿಷ. ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ ಜೀವಕೋಶಗಳನ್ನು ಕೊಲ್ಲುತ್ತದೆ. ಆ ಕೈಪಿಡಿಯ ವಿಜ್ಞಾನಿ ಕೆಲಸ ಶುರುವಾಗುವ ಮೊದಲೇ ನನ್ನನ್ನು ಕರೆಸಿಕೊಂಡರು. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಎಲೆ ನೋಡಿದೆವು.

ಎಲೆಯ ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆಗಳಿದ್ದವು. ಲೆನ್ಸ್ ಹಿಡಿದು ಬರೆಯುತ್ತಾ ಹೋದಾಗ ಅವು ನರಗಳನ್ನು ದಾಟುವುದಿಲ್ಲ ಅನ್ನುವುದು ಕಂಡಿತು. ಸುತ್ತ ಎಷ್ಟೇ ಚುಕ್ಕೆ ಇರಲಿ, ನರ ಮಾತ್ರ ಹಸಿರು. ಹಳೆಯ ಎಲೆಗಳಲ್ಲಿ ಚುಕ್ಕೆ ಜಾಸ್ತಿ, ಚಿಗುರಲ್ಲಿ ಕಡಿಮೆ. ಒಂದು ಎಲೆಯಲ್ಲಂತೂ ಮಧ್ಯದ ಒಂದು ಭಾಗದಲ್ಲಿ ಚುಕ್ಕೆಗಳೇ ಇರಲಿಲ್ಲ, ಅಂಚು ಕತ್ತರಿಸಿದ ಹಾಗೆ ಸ್ಪಷ್ಟ. "ಇಲ್ಲಿ ಯಾಕೆ ಖಾಲಿ?" ಅಂತ ಕೇಳಿದೆ. ಮೇಲೆ ಇನ್ನೊಂದು ಎಲೆ ನೆರಳು ಹಾಕಿತ್ತು, ಬಿಸಿಲು ಬಿದ್ದ ಕಡೆಗೇ ಹಾನಿ ಹೆಚ್ಚು ಅಂದರು. ಅವರಿಗೆ ಅದು ಎಷ್ಟು ಮಾಮೂಲಿ ಅಂದರೆ ಕರಡಿನಲ್ಲಿ ಬರೆದೇ ಇರಲಿಲ್ಲ. ಆದರೆ ತೋಟದಲ್ಲಿ ನಿಂತು ಇದು ಹುಳದ ಕಾಟವೋ ಓಜೋನೋ ಅಂತ ತಿಳಿಯದೆ ಒದ್ದಾಡುವವರಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಕಾ? ಅದು ಕೈಪಿಡಿಯ ಮೊದಲ ಚಿತ್ರವಾಯಿತು.

ಆಮೇಲೆ ಅಚ್ಚಿಗೆ ಹೋಗುವಾಗ ಪ್ರಕಟಿಸುವ ಸಂಸ್ಥೆಯವರು ಚುಕ್ಕೆಗಳನ್ನು ಕೆಂಪು ಮಾಡಿ, ಕಣ್ಣಿಗೆ ಹೊಡೆಯಬೇಕು ಅಂದರು. ನಾವಿಬ್ಬರೂ ಒಪ್ಪಲಿಲ್ಲ. ಕೆಂಪು ಚುಕ್ಕೆ ಹುಡುಕಿಕೊಂಡು ಹೋದವರಿಗೆ ನಿಜವಾದ ಕಂದು ಚುಕ್ಕೆ ಕಾಣುವುದೇ ಇಲ್ಲ. ಕಲಾವಿದರನ್ನು ಸೇರಿಸಿಕೊಂಡರೆ ಸತ್ಯ ಸಡಿಲವಾಗುತ್ತದೆ ಅಂತ ಹೆದರುವ ವಿಜ್ಞಾನಿಗಳಿಗೆ ಇದನ್ನು ಹೇಳಬೇಕು ಅನಿಸಿತು. ಬಣ್ಣ ಬದಲಾಯಿಸಬಾರದು ಅಂತ ಹಟ ಹಿಡಿದವರಲ್ಲಿ ಚಿತ್ರ ಬರೆದವಳೂ ಇದ್ದಳು.

ಮೊದಲಿನಿಂದಲೇ ಜೊತೆಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ್ದು. ಕೆಲವು ಗಿಡಗಳು ಮಣ್ಣಿನಲ್ಲಿರುವ ಸತು, ಕ್ಯಾಡ್ಮಿಯಂನಂಥ ಲೋಹಗಳನ್ನು ಬೇರಿನಿಂದ ಹೀರಿ ಎಲೆ ಕಾಂಡಗಳಲ್ಲಿ ತುಂಬಿಕೊಳ್ಳುತ್ತವೆ. ಅಂಥ ಗಿಡ ಬೆಳೆಸಿ, ಕೊಯ್ದು, ವಿಷದ ನೆಲವನ್ನು ಚೊಕ್ಕ ಮಾಡಬಹುದು ಅಂತ ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿ ರೂಫಸ್ ಚೇನಿ 1980ರ ದಶಕದಲ್ಲೇ ಬರೆದಿದ್ದರು. ಆದರೆ ಆ ಯೋಚನೆ ಹೊಲಕ್ಕೆ ಇಳಿದಿರಲಿಲ್ಲ. ಮೆಲ್ ಚಿನ್ ಅನ್ನುವ ಶಿಲ್ಪಿ ಅವರನ್ನು ಹುಡುಕಿಕೊಂಡು ಹೋದರು. 1991ರಲ್ಲಿ ಮಿನ್ನೆಸೋಟದ ಸೇಂಟ್ ಪಾಲ್ ನಗರದ ಒಂದು ಹಳೆಯ ಕಸದ ಗುಂಡಿಯ ಮೇಲೆ ಇಬ್ಬರೂ ಸೇರಿ 'ರಿವೈವಲ್ ಫೀಲ್ಡ್' ಮಾಡಿದರು.

ಅದರ ಆಕಾರವನ್ನು ಸ್ವಲ್ಪ ಗಮನಿಸಿ. ಚೌಕದ ಬೇಲಿಯೊಳಗೆ ಒಂದು ವೃತ್ತ, ಅದನ್ನು ಅಡ್ಡಡ್ಡ ಸೀಳುವ ಕಾಲುದಾರಿಗಳು. ನೋಡುವವರಿಗೆ ಅದು ಶಿಲ್ಪ. ಚೇನಿ ಅವರಿಗೆ ಪ್ರಯೋಗದ ಹೊಲ. ವೃತ್ತದೊಳಗೆ ಗಿಡ ನೆಟ್ಟಿದ್ದರು, ಹೊರಗಿನ ಚೌಕವನ್ನು ಹೋಲಿಕೆಗೆಂದು ಬಿತ್ತದೆ ಬಿಟ್ಟಿದ್ದರು. ದಾರಿಗಳು ಒಂದು ಬಗೆಯ ಗಿಡವನ್ನು ಇನ್ನೊಂದರಿಂದ ಬೇರೆ ಇಟ್ಟವು. ಕಲೆಗೆ ಕೊಡುವ ಸರ್ಕಾರಿ ಅನುದಾನ ಮೊದಲು ಮಂಜೂರಾಗಿ, ಆಮೇಲೆ ಮೇಲಿನವರು ತಡೆದು, ಚಿನ್ ಹೋಗಿ ವಾದ ಮಾಡಿದ ಮೇಲೆ ಮತ್ತೆ ಸಿಕ್ಕಿತು. ಥ್ಲಾಸ್ಪಿ ಅನ್ನುವ ಪುಟ್ಟ ಗಿಡ ಲೋಹವನ್ನು ಚೆನ್ನಾಗಿ ಹೀರಿತು. ಶಿಲ್ಪಿಯೊಬ್ಬರು ಬೆನ್ನು ಹತ್ತದಿದ್ದರೆ ಆ ಪರೀಕ್ಷೆ ಇನ್ನೆಷ್ಟು ತಡವಾಗುತ್ತಿತ್ತೋ.

ಕಿವಿಯ ವಿಷಯದಲ್ಲೂ ಹೀಗೇ. ಬರ್ನೀ ಕ್ರೌಸ್ ಮೊದಲಿಗೆ ಸಂಗೀತಗಾರ, ಮುಂದೆ ಕಾಡಿನ ಶಬ್ದಗಳ ಸಂಶೋಧಕ. ಕ್ಯಾಲಿಫೋರ್ನಿಯಾದ ಲಿಂಕನ್ ಮೆಡೋ ಅನ್ನುವ ಕಡೆ ಮರದ ಕಂಪನಿಯೊಂದು ಅಲ್ಲೊಂದು ಇಲ್ಲೊಂದು ಮರ ಕಡಿಯುತ್ತೇವೆ, ಕಾಡಿಗೆ ಏನೂ ಆಗುವುದಿಲ್ಲ ಅಂತ ಹೇಳಿತ್ತು. ಕ್ರೌಸ್ 1988ರಲ್ಲಿ, ಕಡಿಯುವ ಮೊದಲು, ಅಲ್ಲಿನ ಮುಂಜಾನೆಯನ್ನು ರೆಕಾರ್ಡ್ ಮಾಡಿದರು. ಮುಂದಿನ ವರ್ಷ ಮತ್ತೆ ಹೋದರು. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ರೆಕಾರ್ಡಿಂಗ್‌ನಲ್ಲಿ ಮಾತ್ರ ಹಕ್ಕಿಗಳ ದನಿ ಬಹುಪಾಲು ಇಲ್ಲವಾಗಿತ್ತು. ತಾಳ, ಪದರ, ಮೌನ ಇವನ್ನೆಲ್ಲ ಕೇಳಿ ಪಳಗಿದ ಕಿವಿ ಅಲ್ವಾ, ಹಾಗಾಗಿ ಆ ವ್ಯತ್ಯಾಸ ಸಿಕ್ಕಿತು. 2011ರಲ್ಲಿ ಶಬ್ದಪರಿಸರದ ಅಧ್ಯಯನಕ್ಕೆ ಬುನಾದಿ ಹಾಕಿದ ಪ್ರಬಂಧವೊಂದರಲ್ಲಿ ಪರಿಸರ ವಿಜ್ಞಾನಿಗಳ ಜೊತೆ ಅವರ ಹೆಸರೂ ಇದೆ.

ಇನ್ನು ಎಲ್ಲರಿಗೂ ಗೊತ್ತಿರುವ 'ಐಸ್ ವಾಚ್'. ಕಲಾವಿದ ಓಲಾಫುರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್ ಗ್ರೀನ್‌ಲ್ಯಾಂಡ್‌ನ ಸಮುದ್ರದಲ್ಲಿ ತೇಲುತ್ತಿದ್ದ ಹಿಮಗಡ್ಡೆಗಳನ್ನು ತಂದು ಊರ ನಡುವೆ ಕರಗಲು ಬಿಟ್ಟರು. 2014ರಲ್ಲಿ ಕೋಪನ್‌ಹೇಗನ್, 2015ರ ಹವಾಮಾನ ಸಮ್ಮೇಳನದ ಹೊತ್ತಿಗೆ ಪ್ಯಾರಿಸ್, 2018ರಲ್ಲಿ ಲಂಡನ್. ಅಷ್ಟು ಭಾರದ ಮಂಜನ್ನು ಸಾಗಿಸಲು ಇಂಧನ ಸುಡಬೇಕಾ ಅನ್ನುವ ಟೀಕೆ ಬಂತು. ನ್ಯಾಯವಾದ ಪ್ರಶ್ನೆಯೇ. ಆದರೆ ಅದನ್ನು ಅವರೂ ಮುಚ್ಚಿಡಲಿಲ್ಲ, ಇಂಗಾಲದ ಲೆಕ್ಕ ಹಾಕಿಸಿ ಹೊರಗಿಟ್ಟರು. ಜನ ಆ ಗಡ್ಡೆಗಳಿಗೆ ಕಿವಿ ಇಟ್ಟು ನಿಂತರಂತೆ. ಮಂಜು ಕರಗುವಾಗ ಒಳಗೆ ಸಾವಿರಾರು ವರ್ಷ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಗಳು ಚಟಚಟ ಅಂತ ಒಡೆಯುತ್ತವೆ. ವಿಜ್ಞಾನಿಗಳು ಹಳೆಯ ಕಾಲದ ಗಾಳಿಯನ್ನು ಅಳೆಯುವುದು ಅಂಥ ಗುಳ್ಳೆಗಳಿಂದಲೇ. ಅದನ್ನು ಕಿವಿಯಾರೆ ಕೇಳಿದವರಿಗೆ ಹವಾಮಾನದ ಗ್ರಾಫ್ ಬೇರೆಯೇ ಆಗಿ ಕಾಣುತ್ತದೆ ಅಂತ ನಾನು ನಂಬುತ್ತೇನೆ.

ವಿಜ್ಞಾನಿಗಳೂ ಕಲಾವಿದರ ಹಾಗೆ ಯೋಚಿಸಬಲ್ಲರು. ಭೂಮಿ ಬಿಸಿಯಾಗುತ್ತಿರುವುದನ್ನು ತೋರಿಸಲು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಹೊರತಂದ ನೀಲಿ-ಕೆಂಪು ಪಟ್ಟಿಗಳ ಚಿತ್ರದಲ್ಲಿ ಒಂದು ವರ್ಷಕ್ಕೆ ಒಂದು ಪಟ್ಟಿ, ತಂಪು ವರ್ಷಕ್ಕೆ ನೀಲಿ, ಬಿಸಿ ವರ್ಷಕ್ಕೆ ಕೆಂಪು. ಅಂಕಿ ಇಲ್ಲ, ಅಕ್ಷರ ಇಲ್ಲ. ಏನನ್ನು ಬಿಡಬೇಕು ಅಂತ ತೀರ್ಮಾನಿಸುವುದು ಚಿತ್ರಗಾರರ ಅತಿ ಕಷ್ಟದ ಕೆಲಸ. ಅವರು ಅದನ್ನು ಮಾಡಿದರು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಇಂಥ ಕೆಲಸಗಳ ಸುದ್ದಿ ಹಾಕುವಾಗ ಕಲಾವಿದರ ಹೆಸರು ಒಂದನ್ನೇ ಅಥವಾ ವಿಜ್ಞಾನಿಯ ಹೆಸರು ಒಂದನ್ನೇ ಹಾಕಿ ಸುಮ್ನೆ ಬಿಡಬೇಡಿ. ಇಬ್ಬರೂ ಯಾವ ಹಂತದಲ್ಲಿ ಜೊತೆಯಾದರು, ಯಾರ ಪ್ರಶ್ನೆಯಿಂದ ಏನು ಬದಲಾಯಿತು ಅಂತ ನಿಮ್ಮ ವರದಿಗಾರರು ಕೇಳಲಿ. ಸಂಶೋಧನೆಗೆ ಹಣ ಕೊಡುವವರಿಗೂ ಒಂದು ಮಾತು. ನಾನು ನೋಡಿದ ಅರ್ಜಿಗಳಲ್ಲೆಲ್ಲ ಕಲಾವಿದರ ಸಂಭಾವನೆ ಇರುವುದು ಕೊನೆಯ ಪುಟದಲ್ಲಿ, 'ಪ್ರಚಾರ' ಅನ್ನುವ ಕಾಲಂನಲ್ಲಿ. ದಯವಿಟ್ಟು ಅದನ್ನು 'ಕ್ಷೇತ್ರಕಾರ್ಯ' ಅನ್ನುವ ಕಾಲಂಗೆ ತನ್ನಿ. ಮಾದರಿ ಎಲೆಗಳು ಒಣಗಿ ಬಣ್ಣ ಕಳೆದುಕೊಳ್ಳುವ ಮೊದಲೇ ನಮ್ಮನ್ನು ಕರೆಯಿರಿ.

ಇಂತಿ,
ಒಬ್ಬ ಸಸ್ಯಚಿತ್ರ ಕಲಾವಿದೆ